ಗಗನನ ಕಟಿಂಗ್

ಒಂಟಿಕೊಪ್ಪಲ್ ಬಸ್ ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಸಿದ್ದಲಿಂಗಮ್ಮನ ಪಕ್ಕದಲ್ಲೇ ಗುರುತಿಲ್ಲದ ಅಣ್ಣ ತಂಗಿ ಜಗಳಕ್ಕೆ ನಿಂತಿದ್ದರು. ಆಕೆ ಮುಖ ತಿರುಗಿಸಿಕೊಂಡರೂ ಮಾತು ಕಿವಿಗೆ ಬೀಳುತ್ತಲೇ ಇತ್ತು.

“ಕಟಿಂಗ್ ಮಿಷನ್ ಸದ್ದಿಗೆ ಗಗನ ಎಷ್ಟು ಹೆದರ್ತಾನೆ ಅಂತ ಗೊತ್ತಿಲ್ವೇನಣ್ಣ? ಮೂವತ್ತು ವರ್ಷದಿಂದ ನೋಡ್ತಿದೀಯ ತಮ್ಮನ್ನ.”

“ಮಹದೇವು ಕಟಿಂಗ್ ಅಂಗಡಿ ಮುಚ್ಬುಟ್ಟವ್ರೆ ಕಣೆ. ಏನ್ಮಾಡ್ಲಿ?”

“ಅಂಥೋರ್ನೇ ಹುಡುಕ್ಬೇಕಿತ್ತು. ಅವರು ಬರೀ ಕತ್ತರೀಲಿ, ಅವನನ್ನ ಮಾತಾಡಿಸ್ಕೊಂಡು, ಕೈ ತಳ್ಳಿದ್ರೆ ನಿಲ್ಲಿಸ್ಕೊಂಡು, ಒಂದು ಗಂಟೆ ಕಟಿಂಗ್ ಮಾಡೋರು.”

“ಐದು ಸಲೂನ್ ಸುತ್ತಿದೀನಿ. ಅಷ್ಟು ಪುರುಸೊತ್ತು ಯಾರ್ಗೂ ಇಲ್ಲ.”

“ಅದಕ್ಕೆ ಮಿಷನ್ ಹಾಕ್ಸಿ ಬೋಳಿಸ್ಬುಟ್ಯಾ? ನಿನ್ನೆಯಿಂದ ತಲೆ ಮೇಲೆ ಟವೆಲ್ ಹೊದ್ಕೊಂಡು ಮೂಲೇಲಿ ಕೂತವ್ನೆ. ಊಟಕ್ಕೂ ಎದ್ದಿಲ್ಲ.”

ಅಣ್ಣ ಬಸ್ಸು ಬರುವ ದಾರಿಯತ್ತ ತಿರುಗಿದ. ತಂಗಿ ಬಿಡಲಿಲ್ಲ.

“ಕಿರುಚ್ತಾ ಒದ್ದಾಡ್ತಿದ್ನಂತೆ. ಕೈ ಅದುಮಿ ಹಿಡ್ಕೊಂಡಿದ್ದು ಯಾರು? ಸಲೂನಿನೋರಾ?”

“ನಾನೇ.”

ಸಿದ್ದಲಿಂಗಮ್ಮ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು.

ಅಷ್ಟರಲ್ಲಿ ಬಸ್ಸು ಬಂತು.

“ಚಾಮರಾಜಪುರಂನಲ್ಲಿ ಮಹದೇವು ಮನೆ ಇದೆಯಂತೆ. ಹೋಗಿ ಕೈ ಮುಗಿದು ಕರ್ಕೊಂಡು ಬರ್ತೀನಿ. ನೀನು ಬರ್ಬೇಡ. ಗಗನನ ಹತ್ರಾನೂ ಹೋಗ್ಬೇಡ.”

ತಂಗಿ ಮುಂದಿನ ಬಾಗಿಲಿನಿಂದ ಹತ್ತಿ, ತಿರುಗಿಯೂ ನೋಡದೆ ಕೂತಳು. ಅಣ್ಣ ಒಂದು ಗಳಿಗೆ ನಿಂತೇ ಇದ್ದ. ಬಸ್ಸು ಹೊರಡುವಾಗ ಓಡಿಹೋಗಿ ಹಿಂದಿನ ಬಾಗಿಲಿನಿಂದ ಹತ್ತಿಕೊಂಡ.