ಐನೂರು ವರ್ಷದ ಒದೆತ

ಎತ್ತರದ ಕುರ್ಚಿಯಲ್ಲಿ ವಿರಾಜಮಾನರಾಗಿರುವ ಪ್ರವಾಸಿಮಿತ್ರ ಸಂಘದ ಮಾನ್ಯ ಅಧ್ಯಕ್ಷರೇ, ಐದೇ ನಿಮಿಷ ಎಂದು ಕೈಬೆರಳುಗಳನ್ನು ತೋರಿಸುತ್ತಿರುವ ಕಾರ್ಯದರ್ಶಿಗಳೇ, ವೇದಿಕೆಯ ಮೇಲೆ ಜಾಗ ಸಿಕ್ಕಿರುವ ಗಣ್ಯರೇ, ಜಾಗ ಸಿಗದೆ ಕೆಳಗೆ ಕುಳಿತಿರುವ ಇನ್ನೂ ದೊಡ್ಡ ಗಣ್ಯರೇ, ಮುಂದಿನ ಸಾಲಿನಿಂದ 'ಹೆಚ್ಚು ಮಾತಾಡಬೇಡ' ಎಂದು ಕಣ್ಣಲ್ಲೇ ಹೇಳುತ್ತಿರುವ ನನ್ನ ಅತ್ತೆಯವರೇ, ಹಾಗೂ ಭಾಷಣ ಮುಗಿದರೆ ಊಟ ಎಂಬ ಒಂದೇ ನಂಬಿಕೆಯ ಮೇಲೆ ತಾಳ್ಮೆಯಿಂದ ಕುಳಿತಿರುವ ಸಭಿಕರೇ,

ನನಗೆ ಕೊಟ್ಟಿರುವ ವಿಷಯ 'ಪ್ರವಾಸಿಗರು ಸ್ಥಳೀಯ ಸಂಸ್ಕೃತಿಯನ್ನು ಅರಿತು ಗೌರವಿಸುವುದು ಹೇಗೆ' ಎಂಬುದು. ನಾನು ಪ್ರವಾಸ ಹೋದವಳೇ ಅಲ್ಲ. ಮದುವೆಯಾಗಿ ಈ ಊರಿನ ವಸತಿಗೃಹಕ್ಕೆ ಸೊಸೆಯಾಗಿ ಬಂದೆ. ಅದೇ ನನ್ನ ಮೊದಲ ಮತ್ತು ಕೊನೆಯ ಪ್ರವಾಸ. ಆಗ ಸ್ಥಳೀಯ ಸಂಸ್ಕೃತಿಯನ್ನು ಗೌರವಿಸದೆ ಬೇರೆ ದಾರಿ ಇತ್ತೇ? ನೀವೇ ಹೇಳಿ.

ಅಧ್ಯಕ್ಷರು ಈಗಷ್ಟೇ ಎರಡು ಮಾತು ಹೇಳಿದರು. ನಮ್ಮ ವಸತಿಗೃಹದ ಬಾಗಿಲಲ್ಲಿ ನಡೆಯುವ ಪ್ರವೇಶ ವಿಧಿ ಐನೂರು ವರ್ಷಗಳಷ್ಟು ಪುರಾತನವಾದುದು ಎಂದರು. ಅದನ್ನು ಕಾಪಾಡಿಕೊಂಡು ಬಂದದ್ದಕ್ಕೆ ಸನ್ಮಾನವಾಗಿ ಸೋಮವಾರ ಆ ಬಾಗಿಲನ್ನು ಕಿತ್ತು, ಮನುಷ್ಯ ಹತ್ತಿರ ಬಂದರೆ ತಾನೇ ತೆರೆದುಕೊಳ್ಳುವ ಗಾಜಿನ ಬಾಗಿಲು ಹಾಕಿಸುತ್ತೇವೆ, ಪಕ್ಕದಲ್ಲಿ ಒಂದು ಫಲಕವನ್ನೂ ನಿಲ್ಲಿಸುತ್ತೇವೆ ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ. ಅತ್ತೆಯವರು ತಟ್ಟಲಿಲ್ಲ. ಆ ಬಾಗಿಲು ಇರಬೇಕೋ ಹೋಗಬೇಕೋ ಎಂಬುದನ್ನು ಹೇಳಿಯೇ ನಾನು ಮೈಕು ಬಿಡುತ್ತೇನೆ.

ಮೊದಲು ಐನೂರು ವರ್ಷದ ವಿಚಾರ. ಸ್ವಾಮಿ, ನಮ್ಮ ಕಟ್ಟಡಕ್ಕೇ ಅಷ್ಟು ವಯಸ್ಸಾಗಿಲ್ಲ. ಆ ವಿಧಿಯನ್ನು ಶುರು ಮಾಡಿದವರು ನನ್ನ ಮಾವನವರು. ಅವರು ಹಳೆಯ ಕಾಲದವರು, ಒಪ್ಪಿಕೊಳ್ಳುತ್ತೇನೆ. ಆದರೆ ಅಷ್ಟು ಹಳೆಯ ಕಾಲದವರಲ್ಲ.

ನಮ್ಮ ಬಾಗಿಲು ಗಟ್ಟಿ ಮರದ್ದು. ಥಂಡಿ ಹಿಡಿದು ಉಬ್ಬಿ, ಕೆಳಗೆ ಹೊಸ್ತಿಲಿಗೆ ಕಚ್ಚಿಕೊಂಡಿದೆ. ತಳ್ಳಿದರೆ ಬರುವುದಿಲ್ಲ. ಕೆಳಗೆ ಬಲಗಾಲಿನಿಂದ ಒಮ್ಮೆ ಒದೆಯಬೇಕು, ನಡುವೆ ಭುಜ ಕೊಟ್ಟು ನೂಕಬೇಕು, ತಟ್ಟನೆ ತಲೆ ಬಗ್ಗಿಸಬೇಕು. ಬಗ್ಗಿಸದಿದ್ದರೆ ಮೇಲಿನ ಅಡ್ಡಪಟ್ಟಿ ಹಣೆಗೆ ಬಡಿಯುತ್ತದೆ. ನನ್ನ ಹಣೆ ನೋಡಿ, ಈ ಗುರುತು ಮದುವೆಯ ದಿನದ್ದು. ಫೋಟೋದಲ್ಲಿಯೂ ಇದೆ.

ಮಾವನವರು ಸಂತೆಯಿಂದ ಬರಲಿ, ಬಸ್ ನಿಲ್ದಾಣದಿಂದ ಬರಲಿ, ಒಂದು ಒದೆತ, ಒಂದು ಭುಜ, ಒಂದು ಬಾಗು, ಆಮೇಲೆ ಒಂದು ಮಾತು: "ಬಂದೆ, ಬಂದೆ, ಸಿಟ್ಟು ಬಿಡು." ಒಳಗೆ ಕೌಂಟರಿನಲ್ಲಿ ಕುಳಿತ ಅತ್ತೆಯವರು ತಲೆ ಎತ್ತದೆ ಹೇಳುತ್ತಿದ್ದರು: "ಮೊದ್ಲು ಬಾಗ್ಲು ರಿಪೇರಿ ಮಾಡ್ಸಿ." ಮಾವನವರು "ನಾಳೆ" ಎನ್ನುತ್ತಿದ್ದರು. ಈ ಮೂರು ಮಾತು ಬಿಟ್ಟರೆ ಅವರಿಬ್ಬರ ನಡುವೆ ಹಗಲಿನಲ್ಲಿ ಬೇರೆ ಮಾತುಕತೆ ನಾನು ಕೇಳಿದ್ದು ಕಡಿಮೆ. ಮಾವ ಸಿಟ್ಟು ಬಿಡು ಎಂದು ಬಾಗಿಲಿಗೆ ಹೇಳುತ್ತಾರೆ ಎಂದೇ ನಾನು ತಿಳಿದಿದ್ದೆ. ಒದ್ದದ್ದು ಬಾಗಿಲಿಗೆ ತಾನೇ?

ಹೀಗಿರುವಾಗ ಪುಸ್ತಕದವರು ಬಂದರು. ಊರೂರು ಸುತ್ತಿ ಪುಸ್ತಕ ಬರೆಯುವ ದೂರದೇಶದ ಒಬ್ಬ ಮಹನೀಯರು. ನಮ್ಮ ಭಾಷೆಯನ್ನು ಕಷ್ಟಪಟ್ಟು ಕಲಿತಿದ್ದರು. ಬಹಳ ಒಳ್ಳೆಯವರು. ಎಷ್ಟು ಒಳ್ಳೆಯವರೆಂದರೆ, ನೀರು ಕೊಟ್ಟರೂ ಎದ್ದು ನಿಲ್ಲುತ್ತಿದ್ದರು. ನಾನು ಆಕಳಿಸಿದರೂ ಅದರಲ್ಲಿ ಏನೋ ಅರ್ಥವಿದೆ ಎಂದು ಕಣ್ಣರಳಿಸುತ್ತಿದ್ದರು. ಮಾವನವರು ಬಾಗಿಲು ತೆರೆಯುವುದನ್ನು ಅವರು ಕಂಬದ ಮರೆಯಲ್ಲಿ ನಿಂತು ನೋಡಿದರು. ಮರುದಿನ ತಾವೂ ಟೋಪಿ ತೆಗೆದು, ಕಣ್ಣು ಮುಚ್ಚಿ, ಭಕ್ತಿಯಿಂದ ಒದ್ದರು.

ನಾನು ಸುಮ್ಮನಿರಲಿಲ್ಲ. ಈ ಮಾತನ್ನು ಸಭೆ ಗಮನಿಸಬೇಕು. ಅವರು "ಒದೆಯುವುದರ ಅರ್ಥ ಏನು, ಅಮ್ಮಾ?" ಎಂದು ಕೇಳಿದರು. ನಾನು "ಮರ ಉಬ್ಬಿದೆ ಸ್ವಾಮಿ, ಅಷ್ಟೇ" ಎಂದೆ. ಅವರು ತಲೆದೂಗಿ ಮುಗುಳ್ನಕ್ಕರು. ಪುಸ್ತಕ ಬಂದಾಗ ಓದಿಸಿ ಕೇಳಿದರೆ, 'ಇಲ್ಲಿನ ಜನ ವಿನಯವಂತರು, ಒಳಗಿನ ಅರ್ಥವನ್ನು ಹೊರಗಿನವರಿಗೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ' ಎಂದು ಬರೆದಿದ್ದಾರಂತೆ. ಈ ವಿಧಿಗೆ ಐನೂರು ವರ್ಷವಂತೆ. ಅತ್ತೆಯವರು ಹೇಳುವ ಮಾತು ಆಶೀರ್ವಾದವಂತೆ. 'ನಿನ್ನ ಮುಂದಿನ ಬಾಗಿಲುಗಳೆಲ್ಲ ಸರಿಹೋಗಲಿ' ಎಂದು ಅದರ ತಾತ್ಪರ್ಯವಂತೆ. ಕೇಳಿ ತಿಳಿದುಕೊಳ್ಳಿ ಎಂದು ಪ್ರವಾಸಿಗರಿಗೆ ಎಲ್ಲರೂ ಬುದ್ಧಿ ಹೇಳುತ್ತಾರೆ. ಕೇಳಿದ ಮೇಲೆ ಹೇಳಿದ್ದನ್ನು ನಂಬಿ ಎಂದು ಹೇಳುವವರು ಯಾರು? ಇವತ್ತಿನ ನನ್ನ ಉಪದೇಶ ಇದೊಂದೇ. ಕಾರ್ಯದರ್ಶಿಗಳು ಬರೆದುಕೊಳ್ಳಬಹುದು.

ಪುಸ್ತಕ ಓದಿದವರು ಬರತೊಡಗಿದರು. ಬಂದವರೆಲ್ಲ ಒದ್ದರು. ನಮ್ಮದನ್ನು ಒದ್ದು ತೃಪ್ತಿಯಾಗದವರು ಬೀದಿಯ ಉಳಿದ ಬಾಗಿಲುಗಳನ್ನೂ ಗೌರವಿಸಿದರು. ಎದುರಿನ ಔಷಧಿ ಅಂಗಡಿಯವರು ಇಲ್ಲೇ ಇದ್ದಾರೆ, ಆ ಗೌರವಕ್ಕೆ ಅವರ ಗಾಜಿನ ಬಾಗಿಲು ಸೀಳಿಹೋಯಿತು. "ಅಕ್ಕಾ, ನಿಮ್ಮ ಸಂಸ್ಕೃತಿನ ನಿಮ್ಮ ಮನೇಲೇ ಇಟ್ಕೊಳ್ಳಿ" ಎಂದು ಅವರು ಕೂಗಾಡಿದ್ದು ಬೀದಿಗೆಲ್ಲ ಕೇಳಿಸಿತ್ತು. ಅದೇ ಮನುಷ್ಯ ಮೊನ್ನೆ ತನ್ನ ಅಂಗಡಿಗೆ ತಾನೇ ತಲೆ ಬಗ್ಗಿಸಿಕೊಂಡು ಹೋದರು. ಏನಣ್ಣಾ ಎಂದರೆ, "ರೂಢಿ ಆಗ್ಬಿಟ್ಟಿದೆ" ಎಂದರು. ನಗಬೇಡಿ, ಅಧ್ಯಕ್ಷರು ಇವತ್ತು ಈ ಸಭಾಂಗಣಕ್ಕೆ ಬಂದದ್ದು ಹೇಗೆಂದು ನಾನು ನೋಡಿದ್ದೇನೆ.

ನಾನು ವಿಷಯ ಬಿಟ್ಟು ಹೋಗುತ್ತಿದ್ದೇನೆ ಎಂದು ಕಾರ್ಯದರ್ಶಿಗಳು ಚೀಟಿ ಕಳಿಸಿದ್ದಾರೆ. ಬಿಟ್ಟು ಹೋಗಿಲ್ಲ, ಸ್ವಾಮಿ. ಈಗಲೇ ವಿಷಯಕ್ಕೆ ಬರುತ್ತಿದ್ದೇನೆ.

ಆ ಪುಸ್ತಕ ಬರುವ ಹೊತ್ತಿಗೆ ಮಾವನವರು ಇರಲಿಲ್ಲ. ಜ್ವರ ಎಂದು ಮಲಗಿದವರು ಏಳಲಿಲ್ಲ. ಅತ್ತೆಯವರು ಅಳಲಿಲ್ಲ. ಕೌಂಟರಿಗೆ ಬಂದು ಕೂರುತ್ತಿದ್ದರು, ಬೀಗದ ಕೈ ಕೊಡುತ್ತಿದ್ದರು, ತೆಗೆದುಕೊಳ್ಳುತ್ತಿದ್ದರು. ಮಾತು ಮಾತ್ರ ನಿಂತುಹೋಯಿತು. ನನ್ನ ಯಜಮಾನರು ಅಡುಗೆಮನೆಯಲ್ಲಿ ಪಾತ್ರೆ ಬೀಳಿಸಿದರೂ ಬೈಯುತ್ತಿರಲಿಲ್ಲ. ಬೈಯದ ಅತ್ತೆಯನ್ನು ನೋಡಿ ಸೊಸೆಗೆ ಖುಷಿಯಾಗಬೇಕಲ್ಲವೇ? ಇಲ್ಲ. ನನಗೆ ಭಯವಾಯಿತು. ಇವರೂ ಹೊರಟುಬಿಡುತ್ತಾರೆ ಅನ್ನಿಸಿತು.

ಒಂದು ಮಧ್ಯಾಹ್ನ ಬಾಗಿಲಿಗೆ ಒದೆತ ಬಿತ್ತು. ಭುಜ ಬಿತ್ತು. ಪುಸ್ತಕ ಓದಿ ಮೊಟ್ಟಮೊದಲು ಬಂದ ಒಬ್ಬ ಹುಡುಗಿ, ಬೆನ್ನ ಮೇಲೆ ತನಗಿಂತ ದೊಡ್ಡ ಚೀಲ, ತಲೆ ಬಗ್ಗಿಸಿ ಒಳಗೆ ಬಂದಳು. ಬಾಯಿಪಾಠ ಮಾಡಿಕೊಂಡಿದ್ದನ್ನು ಒಪ್ಪಿಸಿದಳು. "ಬಂದೆ, ಬಂದೆ, ಸಿಟ್ಟು ಬಿಡು."

ಅತ್ತೆಯವರು ತಲೆ ಎತ್ತದೆ ಹೇಳಿದರು: "ಮೊದ್ಲು ಬಾಗ್ಲು ರಿಪೇರಿ ಮಾಡ್ಸಿ."

ಹೇಳಿದ ಮೇಲೆ ತಲೆ ಎತ್ತಿದರು. ಹುಡುಗಿಯನ್ನು ನೋಡಿದರು. ನಗತೊಡಗಿದರು. ನಕ್ಕು ನಕ್ಕು ಸೆರಗು ಮುಖಕ್ಕೆ ಒತ್ತಿಕೊಂಡರು. ಆ ಸೆರಗಿನ ಹಿಂದೆ ನಗು ಯಾವಾಗ ಅಳುವಾಯಿತೋ ನನಗೆ ಗೊತ್ತಾಗಲಿಲ್ಲ. ಆ ಮಗು ಗಾಬರಿಯಾಗಿ, ತಪ್ಪಾಯಿತೇನೋ ಎಂದು ಹೊರಗೆ ಹೋಗಿ ಇನ್ನೊಮ್ಮೆ ಒದ್ದು ಬಂತು. ಸಂಜೆ ನನ್ನ ಯಜಮಾನರು ಪಾತ್ರೆ ಬೀಳಿಸಿದರು. "ಕೈಗೇನು ಬಂದಿದೆಯೋ ನಿಂಗೆ!" ಎಂದು ಅತ್ತೆ ಕೂಗಿದರು. ಮನೆ ಮನೆಯಾಯಿತು.

ಅಂದಿನಿಂದ ದಿನವೂ ಯಾರಾದರೂ ಬರುತ್ತಾರೆ. ಗಡ್ಡದವರು, ಬೋಳುತಲೆಯವರು, ಕೈಯಲ್ಲಿ ಕೂಸು ಹಿಡಿದವರು. ಅವರಿಗೆ ತಿಳಿದಿರುವುದೆಲ್ಲ ತಪ್ಪೇ. ಆದರೂ ತಲೆ ಬಗ್ಗಿಸಿ ಸಿಟ್ಟು ಬಿಡು ಎನ್ನುವಾಗ ಮುಖದಲ್ಲಿ ಇರುತ್ತದಲ್ಲ ಒಂದು ಸಂಕೋಚ, ಪರರ ಮನೆಗೆ ಕಾಲಿಡುತ್ತಿದ್ದೇನೆ ಎಂಬ ಅರಿವು, ಅದು ತಪ್ಪಲ್ಲ. ನನಗೆ ಅವರ ಮೇಲೆ ಪ್ರೀತಿಯಿದೆ. ಅದನ್ನು ಇಲ್ಲಿ ನಿಂತು ಹೇಳಲು ನನಗೆ ನಾಚಿಕೆಯಿಲ್ಲ.

ಹೊಸ ಬಾಗಿಲಿನ ಸುದ್ದಿ ನಿನ್ನೆಯೇ ಕಿವಿಗೆ ಬಿದ್ದಿತ್ತು. ಇವತ್ತು ಬೆಳಗ್ಗೆ ಅತ್ತೆಯವರನ್ನು ಕೇಳಿದೆ. "ಅತ್ತೆ, ಮದುವೆ ಆದಾಗಿಂದ ರಿಪೇರಿ ರಿಪೇರಿ ಅಂತಿದ್ರಲ್ಲ, ಈಗ ಪುಕ್ಕಟೆ ಬಾಗ್ಲೇ ಬರ್ತಿದೆ. ಹಾಕ್ಸೋಣ್ವಾ?"

ಅವರು ಬೀಗದ ಕೈಗಳನ್ನು ಮೊಳೆಗೆ ತೂಗುಹಾಕುತ್ತಿದ್ದರು. ನನ್ನ ಕಡೆ ತಿರುಗಲಿಲ್ಲ. "ಅವ್ರು ಬಾಗ್ಲಿಗೆ ಹೇಳ್ತಿದ್ರು ಅಂದ್ಕೊಂಡಿದೀಯಾ? ನಂಗೆ ಹೇಳ್ತಿದ್ರು ಕಣೇ. ತಾನೇ ತೆಗ್ಯೋ ಬಾಗ್ಲು ಹಾಕ್ಸಿದ್ರೆ, ನನ್ನ ಹತ್ರ ಸಿಟ್ಟು ಬಿಡು ಅನ್ನೋರು ಯಾರು?"

ಆದ್ದರಿಂದ ಮಾನ್ಯ ಅಧ್ಯಕ್ಷರೇ, ತಮ್ಮ ಗಾಜಿನ ಬಾಗಿಲನ್ನು ದಯವಿಟ್ಟು ಔಷಧಿ ಅಂಗಡಿಗೆ ಹಾಕಿಸಿ. ಅವರಿಗೆ ನಮ್ಮಿಂದ ಒಂದು ಬಾಕಿಯಿದೆ. ನಮ್ಮ ಬಾಗಿಲನ್ನು ಯಾರೂ ಮುಟ್ಟಬೇಡಿ. ಉಳಿಯಿಂದ ಮುಟ್ಟಬೇಡಿ, ಉಜ್ಜುಗೊರಡಿನಿಂದ ಮುಟ್ಟಬೇಡಿ, ಎಣ್ಣೆಯಿಂದಲೂ ಮುಟ್ಟಬೇಡಿ. ಕಾಲಿನಿಂದ ಮಾತ್ರ ಮುಟ್ಟಿ. ಫಲಕ ಬೇಕೇ ಬೇಕೆಂದರೆ ಐನೂರು ವರ್ಷ ಎಂದು ಬರೆಯಿಸಬೇಡಿ. 'ಮರ ಉಬ್ಬಿದೆ, ಒದೆಯಿರಿ. ಒಳಗೆ ಒಬ್ಬರು ಕಾಯುತ್ತಿದ್ದಾರೆ' ಎಂದು ಬರೆಯಿಸಿ. ಅದರಲ್ಲಿ ಸುಳ್ಳಿಲ್ಲ.

ಅತ್ತೆಯವರು ಸಾಕು ಎಂದು ಕೈ ಆಡಿಸುತ್ತಿದ್ದಾರೆ. ಸಿಟ್ಟು ಬಂದಿರಬೇಕು. ಬರಲಿ, ಬಿಡಿಸುವುದು ಹೇಗೆಂದು ಈಗ ಊರಿಗೆಲ್ಲ ಗೊತ್ತಾಯಿತಲ್ಲ. ಕರೆದು ಕೂರಿಸಿದ ಸಂಘಕ್ಕೆ, ಹಸಿದರೂ ಏಳದೆ ಕೇಳಿದ ನಿಮಗೆ ಧನ್ಯವಾದಗಳು. ಎಲ್ಲರೂ ಒಮ್ಮೆ ನಮ್ಮಲ್ಲಿಗೆ ಬನ್ನಿ, ಒದ್ದುಕೊಂಡೇ ಬನ್ನಿ. ನಮಸ್ಕಾರ.