ಓಗೊಟ್ಟ ಹೆಸರು

ಹಲೋ... ಯಾರು? ಯಾರಪ್ಪಾ ಮಾತಾಡ್ತಿರೋದು?...

ಓ, ನೀನಾ. ಬೇರೆ ನಂಬರಿಂದ ಮಾಡಿದೀಯ, ಗೊತ್ತೇ ಆಗಲಿಲ್ಲ. ಹೇಳು ಕರಿ... ಹೇಳಪ್ಪಾ. ನಿನ್ನ ಫೋನ್ ಎಲ್ಲಿ?...

ಆಫ್ ಮಾಡಿಟ್ಟಿದೀಯಾ. ಒಳ್ಳೇದಾಯ್ತು ಬಿಡು. ಪೇಪರಿನವರು ಇಲ್ಲಿಗೂ ಬಂದಿದ್ರು, ಗೇಟ್ ಹತ್ರ ನಿಂತು, ಕ್ಯಾಪ್ಟನ್ ತಾಯಿ ನೀವೇ ಅಲ್ವಾ ಅಂತ. ಬಾಗಿಲು ಹಾಕ್ಕೊಂಡೆ...

ನನ್ನ ಮಗನಾ? ಒಳಗಿದಾನೆ. ಬೂಟೂ ಬಿಚ್ಚದೆ ಮಂಚದ ಮೇಲೆ ಕೂತಿದಾನೆ. ಊಟಕ್ಕೆ ಕರೆದ್ರೆ ಏಳಲ್ಲ. ಕೊಡ್ಲಾ ಫೋನು?... ನನ್ನ ಹತ್ರಾನೇ ಮಾತಾಡ್ಬೇಕಾ? ಸರಿ...

ನಾನೂ ನಿನಗೆ ಮಾಡೋಣ ಅಂತಲೇ ಇದ್ದೆ. ನಾಳೆ ವಿಚಾರಣೆಗೆ ನಿನ್ನನ್ನೂ ಕರೀತಾರಂತೆ, ಅಲ್ವಾ? ಅಲ್ಲಿ ಒಂದು ಮಾತು ಹೇಳಿಬಿಡಪ್ಪ. ಮ್ಯಾಚ್ ಗೆದ್ದ ದಿನದ ನಿನ್ನ ಫೋಟೋ ಕೆಳಗೆ ಅವನು ಆ ಹೆಸರು ಬರೆದು ನೆಟ್ಟಲ್ಲಿ ಹಾಕಿದ್ದು ಪ್ರೀತಿಗೆ ಅಂತ. ನಮ್ಮನೇಲಿ ನಿನ್ನ ಕರೆಯೋದೇ ಹಾಗೆ ಅಂತ. ನೀನು ಹೇಳಿದ್ರೆ ನಂಬ್ತಾರೆ. ಇಲ್ಲಾಂದ್ರೆ ಈ ವರ್ಷ ಪೂರ್ತಿ ಆಡೋ ಹಾಗಿಲ್ವಂತೆ, ವಕೀಲರು ಹೇಳಿದ್ರು...

ಹಲೋ? ಇದೀಯಾ?... ಹಿಂದೆ ಅದೇನು ಸದ್ದು?... ನಲ್ಲಿನಾ? ಎಲ್ರೂ ಹೋದ ಮೇಲೆ ಡ್ರೆಸ್ಸಿಂಗ್ ರೂಮಲ್ಲಿ ಒಬ್ಬನೇ ಏನು ಮಾಡ್ತಿದೀಯ?...

ಹಾಂ... ನೀರು ಬಿಟ್ರೆ ಆ ಕೂಗು ಕೇಳಲ್ಲ ಅಂತಾನಾ?... ನೀರಲ್ಲೂ ಕೇಳುತ್ತಾ?...

ಟೀವೀಲಿ ನಾನೂ ಕೇಳಿದೆ ಕಣೋ. ನೀನು ಚೆಂಡು ಮುಟ್ಟಿದಾಗೆಲ್ಲ ಎದುರು ಟೀಮಿನ ಗ್ಯಾಲರಿ ಪೂರ್ತಿ ಎದ್ದು ನಿಂತು ಆ ಫೋಟೋ ಕೆಳಗಿದ್ದ ಅದೇ ಹೆಸರು, ಜೊತೆಗೆ ಆ ಕೋತಿ ಕೂಗು. ನಾನು ಊಟಕ್ಕೆ ಕರೆಯೋ ಹೆಸರು ಅದು. ಟೀವಿ ಆಫ್ ಮಾಡಿದೆ. ಫ್ಯಾನಿನ ಸದ್ದಲ್ಲೂ ಅದೇ ಬಂತು. ಇವತ್ತಿಗೂ ಬರ್ತಾ ಇದೆ...

ಅಲ್ಲ, ಅವರು ಕೂಗಿದ್ದು ಬೇರೆ, ನಾವು ಕರೆಯೋದು ಬೇರೆ, ಅಲ್ವಾ?... ಅಲ್ವಾ?...

ನಾವು ಕರೆದ್ರೂ ಹಾಗೇ ಕೇಳ್ತಿತ್ತಾ, ಮೊದಲ ದಿನದಿಂದಲೇನಾ? ಕ್ಲಬ್ಬಿನವರು ನಿನ್ನ ನಮ್ಮನೆ ಮಹಡಿ ರೂಮಲ್ಲಿ ಬಿಟ್ಟು ಹೋದ್ರಲ್ಲ, ಹೊಸಬ, ಹೊರದೇಶದವನು, ಭಾಷೆ ಬರಲ್ಲ, ಕ್ಯಾಪ್ಟನ್ ಮನೇಲೇ ಇರ್ಲಿ ಅಂತ... ಅವತ್ತೇ? ಅರ್ಥ ಗೊತ್ತಿತ್ತಾ ನಿನಗೆ?... ಈ ನೆಲಕ್ಕೆ ಕಾಲಿಟ್ಟ ಮೇಲೆ ಕಲಿತ ಮೊದಲ ಮಾತೇ ಅದಾ...

ಮತ್ತೆ ಓ ಅಂತ ಓಗೊಟ್ಟೆಯಲ್ಲೋ? ನಗ್ತಾ ಮೆಟ್ಟಿಲಿಳಿದು ಬಂದೆಯಲ್ಲ?...

ನನ್ನ ಮುಖ ನೋಡಿ ಓ ಅಂದೆಯಾ? ಹಾಂ... ಗೋಡೆ ಮೇಲಿನ ಫೋಟೋ ನೋಡಿ...

ಹೌದು. ಆ ಫೋಟೋದಲ್ಲಿರೋ ನನ್ನ ದೊಡ್ಡ ಮಗನ್ನ ಕರೀತಿದ್ದ ಹೆಸರು ಅದು. ಹುಟ್ಟಿದಾಗ ಅವರಜ್ಜಿ ಎತ್ಕೊಂಡು ಹಾಗೆ ಕರೆದ್ರು, ಸಾಯೋ ತನಕ ಅದೇ ಉಳೀತು. ಅವನು ಹೋದ ಮೇಲೂ ನಾಲಿಗೆ ತುದೀಲೇ ಇರ್ತಿತ್ತು, ಕರೆದ್ರೆ ಓ ಅನ್ನೋರಿಲ್ಲ. ನೀನು ಮಹಡಿ ಮೇಲಿದ್ದೆ, ಊಟ ಬಡಿಸಿದ್ದೆ, ಬಾಯಿಗೆ ಬಂದುಬಿಡ್ತು. ನೀನು ಓ ಅಂದೆ. ಅವತ್ತು ಹೊಟ್ಟೆ ತಣ್ಣಗಾಯ್ತು ಕಣೋ. ಅದು ನಿನ್ನ ಚುಚ್ತಿತ್ತು ಅಂತ...

ತಡಿ. ದೊಡ್ಡೋನಿಗೂ ಹಾಗೇ ಆಗ್ತಿತ್ತಾ? ಅವನೂ ನನ್ನ ಮುಖ ನೋಡಿ ಓ ಅಂತಿದ್ನಾ?... ನಿನಗೆ ಹೇಗೆ ಗೊತ್ತಿರುತ್ತೆ, ಪಾಪ. ಕೇಳೋಣ ಅಂದ್ರೆ ಅವನಿಲ್ಲ...

ಇಲ್ಲ, ನಾನೇನೂ ಅಳ್ತಿಲ್ಲ. ಕೇಳು. ನಾಳೆ ನನಗೋಸ್ಕರ ಅಂತ ಏನೂ ಹೇಳಬೇಡ. ಅವನು ಪ್ರೀತಿಗೇ ಬರೆದ ಅನ್ನೋದೂ ನಿಜ, ನಿನಗೆ ನೋವಾಯ್ತು ಅನ್ನೋದೂ ನಿಜ. ಎರಡೂ ಹೇಳು. ಅವನು ವರ್ಷ ಪೂರ್ತಿ ಮನೇಲಿ ಕೂರಬೇಕಾದ್ರೆ ಕೂರ್ಲಿ, ಊಟ ಹಾಕ್ತೀನಿ...

ಏನು? ನಾನು ಮಾತ್ರ ಹಾಗೇ ಕರೀಬಹುದಾ?... ಬೇಡಪ್ಪ. ನಾನು ಕರೆದ್ರೂ ನಿನ್ನ ಕಿವೀಲಿ ಆ ಗ್ಯಾಲರಿನೇ ಕೂಗುತ್ತೆ, ಅಲ್ವಾ?...

ಮತ್ತೆ ಏನಂತ ಕರೀಲಿ ನಿನ್ನ? ನಿಮ್ಮಮ್ಮ ಏನಂತ ಕರೀತಿದ್ರು?... ಏನು? ಕೇಳಿಸ್ತಿಲ್ಲ, ಬಿಟ್ಟು ಬಿಟ್ಟು ಬರ್ತಿದೆ. ಇನ್ನೊಂದ್ಸಲ ಹೇಳು...

ಹಲೋ?... ಹಲೋ?... ಇದೀಯಾ?...

ಕರಿಯಾ... ಕರಿಯಾ, ಓ ಅನ್ನೋ ಮಗನೇ...