ಏಳನೇ ನಂಬರ್ ಬಾವಿಯ ಅಳತೆ

ಬಾಗಿಲು ಹಾಕಿ ಸ್ವಲ್ಪ ಹತ್ತಿರ ಬನ್ನಿ. ಜೋರಾಗಿ ಹೇಳುವ ವಿಷಯ ಅಲ್ಲ ಇದು. ಎಲ್ಲೋ ಕೇಳಿದ್ದೂ ಅಲ್ಲ, ನಮ್ಮ ಚಿಕ್ಕಪ್ಪನ ಮಗಳಿಗೇ ಆದದ್ದು. ಮನೆಯಲ್ಲಿ ಅವಳನ್ನು ಎಲ್ಲರೂ ಪತ್ತೇದಾರಿ ಅಂತ ಕರೆಯುತ್ತೇವೆ. ಹಾಲಿನ ಪಾತ್ರೆ ಮೇಲಿನ ತಟ್ಟೆ ಒಂದು ಬೆರಳು ಸರಿದಿದ್ದರೂ ಸಾಕು, ಮನೆಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ ವಿಚಾರಣೆ ಮಾಡುತ್ತಾಳೆ. ಅನುಮಾನ ಅವಳಿಗೆ ಹುಟ್ಟಿನಿಂದ ಬಂದದ್ದು.

ಅವಳದು ನೀರು ಸರಬರಾಜು ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ. ಆ ಮಂಗಳವಾರ ಆಫೀಸಿನಿಂದ ಹೊರಟಾಗ ಒಂಬತ್ತು ದಾಟಿತ್ತು. ಮನೆಗೆ ಹೋಗುವ ದಾರಿಯಲ್ಲೇ ಏಳನೇ ನಂಬರ್ ಬಾವಿ. ವರ್ಷದ ಹಿಂದೆಯೇ ಅದಕ್ಕೆ ಎರಕದ ಕಬ್ಬಿಣದ ಮುಚ್ಚಳ ಹಾಕಿದ್ದರು. ನಡುವೆ ಒಂದು ಕೈ ತೂರುವಷ್ಟು ತೂತು. ಬೀದಿದೀಪ ಜುಂಯ್ ಅನ್ನುತ್ತಿತ್ತು. ಅವಳ ಚಪ್ಪಲಿ ಚಟ್... ಚಟ್... ಬಾವಿ ದಾಟುವಾಗ ತೂತಿನೊಳಗಿಂದ ಒಂದು ಸದ್ದು.

ಡುಳುಕ್.

ನಿಂತಳು. ಮತ್ತೆ ಏನೂ ಇಲ್ಲ. ಕಪ್ಪೆ ಹಾರಿರಬೇಕು ಅಂದುಕೊಂಡಳು. ನಾಲ್ಕು ಹೆಜ್ಜೆ ಹೋದ ಮೇಲೆ ಅನಿಸಿತು... ಅದು ನೀರಿಗೆ ಏನೋ ಬಿದ್ದ ಸದ್ದಲ್ಲ. ನೀರಿನಿಂದ ಏನೋ ಎದ್ದ ಸದ್ದು.

ಆಗ ಅವಳು ಮಾಡುತ್ತಿದ್ದದ್ದೂ ಅದೇ ಬಾವಿಯ ಕೆಲಸ. ಮುಚ್ಚಳದ ತೂತಿನಲ್ಲಿ ನೀರು ಎಷ್ಟು ಆಳದಲ್ಲಿದೆ ಅಂತ ನೋಡುವ ಒಂದು ಯಂತ್ರ ಕೂರಿಸುವವರಿದ್ದರು. ಯಂತ್ರ ಎರಡೇ ಅಂಕಿ ಕಳಿಸುತ್ತದೆ. ಬಾವಿಯ ನಂಬರು, ಮುಚ್ಚಳದಿಂದ ನೀರಿಗೆ ಎಷ್ಟು ಅಡಿ. ಆ ಅಂಕಿ ತೆಗೆದುಕೊಳ್ಳುವ ಪುಟ್ಟ ಕೋಡ್ ಇವಳು ಬರೆಯಬೇಕು. ಹತ್ತು ಅಡಿಗಿಂತ ಕಡಿಮೆ ಬಂದರೆ ಒಂದು ಫೋನಿಗೆ ಮೆಸೇಜ್ ಹೋಗಬೇಕು: "ನೀರು ಮೇಲೆ ಬಂದಿದೆ. ಮುಚ್ಚಳ ತೆಗೆದು ನೋಡಿ."

ಇಂಥ ಕೋಡ್‌ಗೆ ಫಂಕ್ಷನ್ ಅನ್ನುತ್ತಾರಂತೆ. ಅದನ್ನು ಕೇಳಿ ಅವಳ ಸೋದರಮಾವ, "ಫಂಕ್ಷನ್ ಅಂದ್ರೆ ಊಟ ಇರುತ್ತೇನೇ?" ಅಂದಿದ್ದ. ಅವನೂ ಅದೇ ಆಫೀಸಿನವನೇ. ಬೀದಿ ಬೀದಿಗೆ ವಾಲ್ವ್ ತಿರುಗಿಸಿ ನೀರು ಬಿಡುವ ಕೆಲಸ. ಇವಳ ಮನೆಯಲ್ಲೇ ಇರುತ್ತಾನೆ. ಇವಳಿಗೆ ಅಪ್ಪ ಇಲ್ಲ. ಸೈಕಲ್ ಕಲಿಸಿದ್ದು, ಶಾಲೆಗೆ ಸೇರಿಸಿದ್ದು, ಜ್ವರ ಬಂದಾಗ ರಾತ್ರಿಯೆಲ್ಲ ಎದ್ದು ಕೂತಿದ್ದು ಎಲ್ಲಾ ಅವನೇ. ಪ್ರಾಣ ಅಂದರೆ ಪ್ರಾಣ ಅವಳಿಗೆ.

"ಊಟ ಇಲ್ಲ ಮಾವ. ಇದಕ್ಕೆ ಸ್ವಂತ ಕಂಪ್ಯೂಟರೂ ಇಲ್ಲ. ಎಲ್ಲೋ ದೂರದಲ್ಲಿ ಮಲಗಿರುತ್ತೆ. ಯಾರಾದ್ರೂ ಕರೆದು ಕೈಗೆ ಅಂಕಿ ಕೊಟ್ರೆ ಏಳುತ್ತೆ, ಉತ್ತರ ಕೊಡುತ್ತೆ, ಮತ್ತೆ ಮಲಗುತ್ತೆ."

"ನಮ್ಮ ಆಫೀಸಿನವರ ಹಾಗೇ ಅನ್ನು."

ಟೆಸ್ಟ್ ಮಾಡುವಾಗ ಮೆಸೇಜ್ ಹೋಗಲು ಯಾವುದಾದರೂ ಒಂದು ಫೋನ್ ನಂಬರ್ ಬೇಕಿತ್ತು. "ನಂದೇ ಹಾಕು, ನಂಗ್ಯಾರು ಮೆಸೇಜ್ ಕಳಿಸ್ತಾರೆ" ಅಂದ ಮಾವ. ಹಾಕಿದಳು. ಇವಳು ಐದು ಅಡಿ ಅಂತ ಕೈಯಾರೆ ಕಳಿಸಿದರೆ ಅವನ ಫೋನು ಟಿಣ್ ಅನ್ನುತ್ತಿತ್ತು. ಅಡುಗೆಮನೆಯಿಂದಲೇ "ಬಂತು!" ಅಂತ ಕೂಗುತ್ತಿದ್ದ. ಇವಳು ಖಾಲಿ ಕಳಿಸಿ ನೋಡಿದಳು, ಮೈನಸ್ ಮೂರು ಕಳಿಸಿ ನೋಡಿದಳು, ಅಂಕಿಯ ಬದಲು ಅಕ್ಷರ ಕಳಿಸಿ ನೋಡಿದಳು. ಎಲ್ಲಕ್ಕೂ ತಪ್ಪು ಮಾಹಿತಿ ಅಂತ ಸರಿಯಾದ ಉತ್ತರವೇ ಬಂತು. ಮಂಗಳವಾರ ರಾತ್ರಿ ಆ ಕೋಡನ್ನು ಡಿಪ್ಲಾಯ್ ಮಾಡಿ, ಅಂದರೆ ಅದರ ಜಾಗಕ್ಕೆ ಏರಿಸಿ, ಆಮೇಲೇ ಹೊರಟಿದ್ದಳು.

ಬುಧವಾರ ಬೆಳಗ್ಗೆ ಆಫೀಸಿಗೆ ಎಲ್ಲರಿಗಿಂತ ಮೊದಲು ಬಂದವಳು ಇವಳು. ಅರವತ್ತು ಅಂತ ಒಂದು ಅಂಕಿ ಕಳಿಸಿದಳು. ಥಟ್ಟನೆ ಉತ್ತರ ಬಂತು.

ಅಲ್ಲೇ ಅವಳ ಕಿವಿ ನೆಟ್ಟಗಾದದ್ದು. ಯಾಕೆ ಗೊತ್ತೇ? ಬಹಳ ಹೊತ್ತು ಯಾರೂ ಕರೆಯದಿದ್ದರೆ ಆ ಕೋಡ್ ಗಾಢವಾಗಿ ಮಲಗಿಬಿಡುತ್ತದೆ. ಎಬ್ಬಿಸಲು ನಾಲ್ಕು ಸೆಕೆಂಡ್ ಬೇಕು. ಈಗಷ್ಟೇ ಯಾರೋ ಕರೆದಿದ್ದರೆ ಮಾತ್ರ ತಕ್ಷಣ ಉತ್ತರ. ರಾತ್ರಿಯಿಡೀ ಯಾರೂ ಮುಟ್ಟದ ಕೋಡ್ ಬೆಳಗ್ಗೆ ಎಚ್ಚರವಾಗಿಯೇ ಇತ್ತು...

ಪಕ್ಕದ ಮೇಜಿನವನು ಬಂದ. ಆಫೀಸಿನಲ್ಲಿ ಯಾರ ಕುರ್ಚಿಯ ಚಕ್ರ ಕಳಚಿದರೂ ಅದು ಅವನದೇ ಕಿತಾಪತಿ.

"ನನ್ನ ಫಂಕ್ಷನ್ ಮುಟ್ಟಿದೆಯಾ?"

"ನಂಗೆ ನನ್ನದನ್ನೇ ಮುಟ್ಟೋಕೆ ಬೇಜಾರು ತಾಯಿ."

ನಂಬಲಿಲ್ಲ ಅವಳು. ಬಂದ ಪ್ರತಿ ಅಂಕಿಯನ್ನೂ ಹೊತ್ತಿನ ಸಮೇತ ಬರೆದಿಡುವ ಒಂದು ಸಾಲನ್ನು ಕೋಡ್‌ಗೆ ಸೇರಿಸಿದಳು. ಕಳ್ಳ ಸಿಕ್ಕಿಬೀಳಲಿ ಅಂತ.

ಗುರುವಾರ ಬೆಳಗ್ಗೆ ತೆರೆದು ನೋಡಿದರೆ ಅವಳು ಕಳಿಸದ ಒಂದು ಸಾಲು. ಬಾವಿ ಏಳು. ಅಡಿ ಐವತ್ತೆಂಟು. ಪಕ್ಕದ ಮೇಜಿನವನು ಅವತ್ತು ರಜೆ. ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿ ಹಿಂದಿನ ರಾತ್ರಿಯಿಂದ ಅಲ್ಲೇ ಇದ್ದನಂತೆ, ಫೋನೂ ಕೆಟ್ಟಿತ್ತಂತೆ. ಹಾಗಾದರೆ ಯಂತ್ರವನ್ನೇ ಯಾರೋ ಕೂರಿಸಿಬಿಟ್ಟಿದ್ದಾರೆಯೇ? ಬೀರು ತೆಗೆದಳು. ಯಂತ್ರ ಡಬ್ಬಿಯಲ್ಲೇ ಇತ್ತು. ಅಂಟಿಸಿದ ಟೇಪು ಕೂಡ ಕಿತ್ತಿರಲಿಲ್ಲ.

ಶುಕ್ರವಾರ ನಲವತ್ತನಾಲ್ಕು.

ಸಂಜೆ ಮಾವನನ್ನು ಕರೆದುಕೊಂಡು ಬಾವಿಯ ಹತ್ತಿರ ಹೋದಳು. ತೂತಿನಲ್ಲಿ ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು ಅಳೆದರು. ನೀರು ಅರವತ್ತೊಂದು ಅಡಿಯಲ್ಲಿತ್ತು. ಒಂದು ಬೆರಳೂ ಏರಿರಲಿಲ್ಲ. ಹಗ್ಗ ಮೇಲೆಳೆಯುವಾಗ ನಡುವೆ ಒಂದು ಸಲ ತಡೆಯಿತು... ಬಿಟ್ಟಿತು. ಮಾವ ಪಿಸುಗುಟ್ಟಿದ.

"ಕಲ್ಲಿಗೆ ಸಿಕ್ಕಿರಬೇಕು."

"ಎಷ್ಟು ಅಡಿಲಿ?"

"ನಲವತ್ತು ಇರಬಹುದು. ಯಾಕೆ?"

ಅವಳು ಮಾವನ ಮುಖವನ್ನೇ ನೋಡಿದಳು. ಆ ಕೋಡ್ ಇರುವ ವಿಳಾಸ, ಅದರ ಗುಟ್ಟಿನ ಪದ, ಎರಡೂ ಗೊತ್ತಿದ್ದದ್ದು ಇವಳಿಗೆ ಮಾತ್ರ. ಮನೆಯಲ್ಲಿ ಕೂತು ಟೆಸ್ಟ್ ಮಾಡುವಾಗ ಪಕ್ಕದಲ್ಲಿ ಕೂತು ನೋಡಿದವನು ಇವನೊಬ್ಬನೇ. ಅನುಮಾನ ಅನ್ನುವುದು ಒಮ್ಮೆ ತಲೆಯೊಳಗೆ ಹೊಕ್ಕರೆ ಮುಗಿಯಿತು, ಸಾಕಿದವರು ಅಂತಲೂ ನೋಡುವುದಿಲ್ಲ.

"ಮಾವ, ಆಟ ಆಡ್ತಿದ್ದೀಯಾ ನನ್ನ ಜೊತೆ? ಸುಳ್ಳು ಅಂಕಿ ಕಳಿಸ್ತಿರೋದು ನೀನೇ ತಾನೆ?"

"ನಾನಾ? ನಂಗೆ ಮೆಸೇಜ್ ಓದೋಕೇ ಕನ್ನಡಕ ಬೇಕು ಕಣೇ."

"ನಿನ್ನ ಬಿಟ್ರೆ ಯಾರಿಗೂ ಗೊತ್ತಿಲ್ಲ. ನನ್ನ ಕೆಲಸಕ್ಕೆ ಯಾಕೆ ಕಲ್ಲು ಹಾಕ್ತೀಯಾ?"

ಅವನು ಹಗ್ಗ ಸುತ್ತಿಕೊಂಡ. ಮನೆಗೆ ಬಂದು ಊಟವನ್ನೂ ಮಾಡದೆ ಮಲಗಿದ. ಅಷ್ಟು ವರ್ಷದಲ್ಲಿ ಅವರಿಬ್ಬರು ಮಾತು ಬಿಟ್ಟಿದ್ದು ಅದೇ ಮೊದಲು. ಅವಳಿಗೂ ಒಳಗೊಳಗೇ ಚುಚ್ಚುತ್ತಿತ್ತು, ಆದರೆ ಪತ್ತೇದಾರಿ ಅಲ್ಲವೇ, ಸೋಲಲು ಬಿಗುಮಾನ.

ಶನಿವಾರ ಅವಳು ಎಲ್ಲಾ ಹೊಸದಾಗಿ ಮಾಡಿದಳು. ಹೊಸ ವಿಳಾಸ, ಹೊಸ ಗುಟ್ಟಿನ ಪದ. ಮೆಸೇಜ್ ಹೋಗುವ ಕಡೆ ಮಾವನ ನಂಬರ್ ತೆಗೆದು ಆಫೀಸಿನ ನಂಬರ್ ಹಾಕಿ, ಹೊಸ ಕೋಡನ್ನು ಡಿಪ್ಲಾಯ್ ಮಾಡಿದಳು. ಕಾಗದದ ಮೇಲೂ ಬರೆದಿಡಲಿಲ್ಲ. ಭಾನುವಾರ ಬೆಳಗ್ಗೆ ಮನೆಯಲ್ಲೇ ಕೂತು ಒಂದು ಅಂಕಿ ಕಳಿಸಿದಳು. ಒಂದು... ಎರಡು... ಮೂರು... ನಾಲ್ಕನೇ ಸೆಕೆಂಡಿಗೆ ಉತ್ತರ. ನಿದ್ದೆಯಿಂದ ಎದ್ದು ಬಂದ ಉತ್ತರ. ಅಬ್ಬ, ಪೀಡೆ ತೊಲಗಿತು ಅಂದುಕೊಂಡಳು. ಹಾಗಾದರೆ ಅದು ಮಾವನೇ ಅಂತಲೂ ಅಂದುಕೊಂಡಳು, ಪಾಪಿ.

ಮಧ್ಯಾಹ್ನ ಎರಡೂವರೆ ಇರಬೇಕು. ಬಿಸಿಲು ಧಗಧಗ ಅನ್ನುತ್ತಿತ್ತು. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಅವಳು ಸುಮ್ಮನೆ ಲ್ಯಾಪ್‌ಟಾಪ್ ತೆರೆದು, ತಾನು ಡಿಪ್ಲಾಯ್ ಮಾಡಿದವುಗಳ ಪಟ್ಟಿ ನೋಡಿದಳು. ಒಂದು ಇರಬೇಕಿತ್ತು. ಎರಡು ಇದ್ದವು.

ಹೊಸದನ್ನು ಏರಿಸುವ ಭರದಲ್ಲಿ ಹಳೆಯದನ್ನು ಅಳಿಸುವುದೇ ಮರೆತಿದ್ದಳು. ಈ ಕೆಲಸ ಮಾಡುವವರೆಲ್ಲ ಒಂದಲ್ಲ ಒಂದು ದಿನ ಮಾಡುವ ತಪ್ಪು. ಹಳೆಯದು ಹಳೆಯ ವಿಳಾಸದಲ್ಲೇ, ಯಾರು ಕರೆದರೂ ಓಗೊಡುತ್ತಾ ಕೂತಿತ್ತು. ಅದರಲ್ಲಿ ಇನ್ನೂ ಮಾವನ ನಂಬರೇ ಇತ್ತು.

ಬರೆದಿಟ್ಟ ಸಾಲುಗಳನ್ನು ತೆರೆದಳು. ಶನಿವಾರ ಬೆಳಗ್ಗೆ ಮೂವತ್ತೊಂದು. ಶನಿವಾರ ಸಂಜೆ ಹತ್ತೊಂಬತ್ತು. ಭಾನುವಾರ ಮಧ್ಯಾಹ್ನ ಎರಡು ಹತ್ತಕ್ಕೆ... ಎಂಟು. ಅದರ ಮುಂದೆ ಮೆಸೇಜ್ ಹೋಗಿದೆ ಅಂತ ಇತ್ತು.

ಆಗ ಹೊಳೆಯಿತು ಅವಳಿಗೆ. ಅದು ನೀರಿನ ಅಳತೆ ಅಲ್ಲವೇ ಅಲ್ಲ. ಏನೋ ದಿನ ದಿನಕ್ಕೂ ಮೇಲೆ ಹತ್ತುತ್ತಿದೆ. ಅದು ಎಷ್ಟು ಹತ್ತಿರ ಬಂತು ಅಂತ ತಾನೇ ಹೇಳಿ ಕಳಿಸುತ್ತಿದೆ.

"ಅಮ್ಮಾ! ಮಾವ ಎಲ್ಲಿ?"

"ಬಾವಿ ಕಡೆ ಹೋದ. ನೀರು ಮೇಲೆ ಬಂದಿದೆ ಅಂತ ಏನೋ ಮೆಸೇಜ್ ಬಂತಂತೆ. ಪುಟ್ಟಿಗೆ ಹೇಳಲ್ವಾ ಅಂದೆ. ನಾನು ಹೇಳಿದ್ರೆ ಅದಕ್ಕೂ ಅನುಮಾನ ಪಡ್ತಾಳೆ ಬಿಡು ಅಂದ."

ಕಾಲಿಗೆ ಚಪ್ಪಲಿಯೂ ಇಲ್ಲ. ಓಡಿದಳು. ಎರಡು ಮನೆ ಆಚೆ ನಮ್ಮದು. "ಅಣ್ಣಾ, ಬಾವಿ... ಮಾವ..." ಅಂದಷ್ಟೇ ಕೇಳಿಸಿತು. ನಾನು ಅಂಗಿ ಹಾಕಿಕೊಂಡು ಹೊರಬರುವಷ್ಟರಲ್ಲಿ ಅವಳು ತಿರುವು ದಾಟಿದ್ದಳು.

ಮುಚ್ಚಳ ತೆಗೆದಿತ್ತು. ಪಕ್ಕದಲ್ಲಿ ನೆಲದ ಮೇಲೆ ಬಿದ್ದಿತ್ತು. ಮಾವ ಕಟ್ಟೆಗೆ ಹೊಟ್ಟೆ ಕೊಟ್ಟು, ಅರ್ಧ ಮೈ ಬಾವಿಯೊಳಗೆ ಬಗ್ಗಿಸಿ ಇಣುಕುತ್ತಿದ್ದ. ಒಂದು ಕಾಲು ಆಗಲೇ ನೆಲ ಬಿಟ್ಟಿತ್ತು.

"ಮಾವಾ!"

ಕೂಗಲಿಲ್ಲ, ಅರಚಿದಳು. ಎರಡೂ ಕೈಯಿಂದ ಅವನ ಅಂಗಿ ಹಿಡಿದು ಎಳೆದಳು. ಚರ್ರ್ ಅಂತ ಅಂಗಿ ಹರಿಯಿತು. ಇಬ್ಬರೂ ಹಿಂದಕ್ಕೆ ಬಿದ್ದರು. ಅವನು ಕೂತಲ್ಲೇ ತಿರುಗಿ ಇವಳನ್ನು ನೋಡಿದ. ಆಮೇಲೆ ನಿಧಾನವಾಗಿ ಬಾವಿಯ ಆಚೆ ಕಡೆ ನೋಡಿದ. ಮತ್ತೆ ಇವಳನ್ನು ನೋಡಿದ.

"ನೀನು... ಯಾವಾಗ ಈ ಕಡೆ ಬಂದೆ?"

"ಈಗ ತಾನೆ ಬಂದೆ ಮಾವ. ಮನೆಯಿಂದ."

"ಇಲ್ಲ... ಆಗಿಂದ ಅಲ್ಲೇ ಇದ್ದೆಯಲ್ಲೇ." ಅವನು ಬಾವಿಯ ಆಚೆ ಕಡೆಗೆ ಬೆರಳು ಮಾಡಿದ. "ನಾನು ತೂತಲ್ಲಿ ನೋಡಿ ಹೋಗೋಣ ಅಂತ ಬಂದೆ. ನೀನು ಆಗಲೇ ಮುಚ್ಚಳದ ಆ ಕಡೆ ಹಿಡ್ಕೊಂಡು ನಿಂತಿದ್ದೆ. ಬಿಸಿಲಿಗೆ ಮುಖ ಸರಿಯಾಗಿ ಕಾಣಲಿಲ್ಲ. ಎತ್ತು ಅಂದೆ, ಎತ್ತಿದೆ. ಒಂದು ಮಾತೂ ಆಡಲಿಲ್ಲ. ಇನ್ನೂ ಮುನಿಸು ಹೋಗಿಲ್ಲ ಅಂದ್ಕೊಂಡೆ..."

"ಬಗ್ಗಿ ನೋಡು ಅಂತ ಯಾರು ಹೇಳಿದ್ದು?"

"ನೀನೇ ಕೈ ತೋರಿಸಿದೆ."

ಅವಳು ಅವನ ತೋಳಿಗೆ ಮುಖ ಹುದುಗಿಸಿ ಅಳತೊಡಗಿದಳು. ತಪ್ಪಾಯ್ತು ಮಾವ, ತಪ್ಪಾಯ್ತು ಅಂತ ಅದೊಂದೇ ಮಾತು. ಅವನು ಅವಳ ತಲೆ ಸವರುತ್ತಿದ್ದ. ನಾನು ಬಂದದ್ದು ಅಷ್ಟು ಹೊತ್ತಿಗೆ.

ಬಾವಿಯೊಳಗೆ ಏನೂ ಇರಲಿಲ್ಲ. ಟಾರ್ಚ್ ಬಿಟ್ಟು ನಾನೇ ನೋಡಿದೆ, ಒಂದು ಕೈಯಲ್ಲಿ ಕಟ್ಟೆ ಗಟ್ಟಿಯಾಗಿ ಹಿಡಿದುಕೊಂಡು. ನೀರು ತಳದಲ್ಲೇ ಇತ್ತು. ಹಳೆಯ ಕೋಡನ್ನು ಅವಳು ಆ ಸಂಜೆಯೇ ಅಳಿಸಿದಳು, ಆ ಬಾವಿಯ ಕೆಲಸ ನನಗೆ ಬೇಡ ಅಂತ ಬರೆದೂ ಕೊಟ್ಟಳು. ಈಗ ಮಾವ ಹೇಳಿದ್ದನ್ನು ಎರಡನೇ ಸಲ ಕೇಳುವುದಿಲ್ಲ ಅವಳು.

ಬಿಸಿಲಿಗೆ ಕಣ್ಣು ಕತ್ತಲೆ ಬಂದಿರಬೇಕು ಅನ್ನುತ್ತೀರಿ. ಅನ್ನಿ. ಆದರೆ ಆ ಮುಚ್ಚಳ ವಾಪಸ್ಸು ಹಾಕಲು ನಾಲ್ಕು ಜನ ಬೇಕಾಯಿತು. ನಾನು, ಸೈಕಲ್ ರಿಪೇರಿಯವನು, ಆಫೀಸಿನ ಕಾವಲುಗಾರ, ಅವನ ತಮ್ಮ. ನಾಲ್ವರಿಗೂ ಉಸಿರು ಮೇಲೆ ಕೆಳಗೆ. ಹರ್ನಿಯಾ ಆಪರೇಷನ್ ಆದ ಮಾವ ಅದನ್ನು ಒಬ್ಬನೇ ಎತ್ತುವ ಮಾತೇ ಇಲ್ಲ. ಎತ್ತುವ ಮೊದಲು ನಾವು ನಾಲ್ವರೂ ಬಗ್ಗಿ ನೋಡಿದೆವು. ಬೇಸಿಗೆಯ ಧೂಳು ಅದರ ಮೇಲೆ ಹಿಟ್ಟಿನ ಹಾಗೆ ಕೂತಿತ್ತು. ಈ ಕಡೆ ಮಾವನ ಹತ್ತೂ ಬೆರಳು ಸ್ಪಷ್ಟವಾಗಿ ಮೂಡಿದ್ದವು. ಆ ಕಡೆಯ ಧೂಳನ್ನು ಯಾರೂ ಮುಟ್ಟಿರಲಿಲ್ಲ.